ಪೋರ್ಚುಗೀಸರ ಕಡಲದಾರಿಯನ್ನು ನಕ್ಷೆಯ ಮೇಲೆ ಓದುವ ಬಗೆ

ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದನೆಂಬ ಒಂದು ಸಾಲನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಅವನು ಯಾವ ತಿಂಗಳಲ್ಲಿ ಬಂದ, ಯಾವ ಗಾಳಿ ಅವನನ್ನು ಇಲ್ಲಿಗೆ ತಂದಿತು, ಹಿಂದಿರುಗುವಾಗ ಅದೇ ಕಡಲು ಅವನ ಜನರಲ್ಲಿ ಅಷ್ಟೊಂದು ಮಂದಿಯನ್ನು ಏಕೆ ಬಲಿ ತೆಗೆದುಕೊಂಡಿತು ಎಂಬ ಪ್ರಶ್ನೆಗಳು ಮಾತ್ರ ಆ ಸಾಲಿನಲ್ಲಿ ಇರಲಿಲ್ಲ. ಈ ಪ್ರಶ್ನೆಗಳಿಗೆ ಉತ್ತರವನ್ನು ಓದುಗರು ತಾವೇ, ಒಂದು ನಕ್ಷೆ ಮತ್ತು ಪೆನ್ಸಿಲಿನ ನೆರವಿನಿಂದ ಕಂಡುಕೊಳ್ಳಲು ಸಾಧ್ಯವಿದೆ. ಅದಕ್ಕೆ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇತಿಹಾಸ ಕಲಿಸುವ ಅಧ್ಯಾಪಕರಿಗೂ, ವಿದ್ಯಾರ್ಥಿಗಳಿಗೂ, ತಮ್ಮ ಊರಿನ ಅಳಿವೆಯ ಬಾಯಲ್ಲಿ ನಿಂತು ಇಲ್ಲಿ ಹಿಂದೆ ಯಾರ ಹಡಗು ಬರುತ್ತಿತ್ತು ಎಂದು ಯೋಚಿಸಿದ ಕರಾವಳಿಯ ಯಾರಿಗೇ ಆದರೂ ಇದು ಪ್ರಯೋಜನಕ್ಕೆ ಬರಬೇಕೆಂಬುದು ನನ್ನ ಆಸೆ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳೆರಡೂ ಒಂದೇ ಹಾಳೆಯಲ್ಲಿ ಬರುವ ಹೊರರೇಖೆಯ ನಕ್ಷೆಯೊಂದು, ಶಾಲೆಯ ಅಟ್ಲಾಸಿನಲ್ಲಿ ಸಿಗುವ ಜನವರಿ ಮತ್ತು ಜುಲೈ ತಿಂಗಳುಗಳ ಗಾಳಿಯ ನಕ್ಷೆಗಳು, ಮೂರು ಬಣ್ಣದ ಪೆನ್ಸಿಲುಗಳು, ದಿನಾಂಕಗಳನ್ನು ಬರೆದುಕೊಳ್ಳಲು ಒಂದು ಪುಸ್ತಕ ಇಷ್ಟಿದ್ದರೆ ಸಾಕು. ಇಂದಿನ ದೇಶಗಳ ಗಡಿಗಳಿರುವ ನಕ್ಷೆಯನ್ನು ಬಳಸಬೇಡಿ. ಅದು ಕಣ್ಣನ್ನು ನೆಲದ ಕಡೆಗೆ ಎಳೆಯುತ್ತದೆ. ನಾವು ಓದಲಿರುವ ಕಥೆಯಲ್ಲಿ ನೆಲವೆಂದರೆ ಬಹುಮಟ್ಟಿಗೆ ಕಡಲಂಚಿನ ಕೆಲವು ಚುಕ್ಕೆಗಳು ಮಾತ್ರ.

ಮೊದಲು ಗಾಳಿಯನ್ನು ಬರೆಯಿರಿ

ಊರುಗಳ ಹೆಸರನ್ನಾಗಲಿ ನಾವಿಕರ ಹೆಸರನ್ನಾಗಲಿ ಬರೆಯುವ ಮೊದಲು ಗಾಳಿಯ ದಿಕ್ಕನ್ನು ಬರೆದುಕೊಳ್ಳಬೇಕು. ಅನೇಕರು ಇದನ್ನು ಕೊನೆಗೆ ಬಿಡುತ್ತಾರೆ. ಹಾಗೆ ಬಿಟ್ಟರೆ ಮುಂದಿನದೆಲ್ಲವೂ ಒಬ್ಬಿಬ್ಬರ ಧೈರ್ಯದ ಕಥೆಯಾಗಿ ಕಾಣತೊಡಗುತ್ತದೆ. ಪೋರ್ಚುಗಲ್ಲಿನ ತೀರದಿಂದ ಕೆನರಿ ದ್ವೀಪಗಳನ್ನು ದಾಟಿ ಕೇಪ್ ವರ್ಡ್ ದ್ವೀಪಗಳವರೆಗೆ ಬಹುತೇಕ ವರ್ಷವಿಡೀ ಈಶಾನ್ಯದಿಂದ ಗಾಳಿ ಬೀಸುತ್ತದೆ. ಆದ್ದರಿಂದ ಆಫ್ರಿಕದ ಪಶ್ಚಿಮ ತೀರದುದ್ದಕ್ಕೂ ತೆಂಕಣಕ್ಕೆ ಇಳಿದು ಹೋಗುವುದು ಸುಲಭವಾಗಿತ್ತು; ಮರಳಿ ಬರುವುದೇ ಕಷ್ಟ. ಬೊಜಾಡೋರ್ ಭೂಶಿರವನ್ನು ದಾಟಲು ನಾವಿಕರು ಅಷ್ಟು ವರ್ಷ ಹಿಂಜರಿದುದಕ್ಕೆ ಅಲ್ಲಿನ ಮರಳದಿಣ್ಣೆ ಮತ್ತು ಮಂಜಿನ ಜೊತೆಗೆ ಈ ಮರಳುವ ಚಿಂತೆಯೂ ಕಾರಣ. 1434ರಲ್ಲಿ ಜಿಲ್ ಎಯಾನಿಶ್ ಅದನ್ನು ದಾಟಿ ಹಿಂದಿರುಗಿದನು.

ಗಾಳಿಗೆ ಎದುರಾಗಿ ನೇರವಾಗಿ ಹಾಯಿ ಹಡಗು ಸಾಗಲಾರದು. ಪೋರ್ಚುಗೀಸರು ಬಳಸುತ್ತಿದ್ದ ಕಾರವೆಲಾ ಎಂಬ ಹಗುರ ಹಡಗಿಗೆ ಮುಮ್ಮೂಲೆಯ ಹಾಯಿಗಳಿದ್ದುದರಿಂದ ಅದು ಎದುರುಗಾಳಿಗೆ ಓರೆಯಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಮುಂದೆ ಸಾಗಬಲ್ಲದಾಗಿತ್ತು; ಆದರೂ ನೂರಾರು ಹರದಾರಿಯನ್ನು ಹಾಗೆ ಸಾಗುವುದು ಜನರನ್ನೂ ನೀರನ್ನೂ ಮುಗಿಸಿಬಿಡುತ್ತದೆ. ಅವರು ಕಂಡುಕೊಂಡ ಉಪಾಯ ಬೇರೆಯೇ. ಮನೆಯ ಕಡೆಗೆ ಹೋಗಬೇಕಾದ ಹಡಗನ್ನು ತೀರದಿಂದ ದೂರಕ್ಕೆ, ವಾಯವ್ಯ ದಿಕ್ಕಿನ ನಡುಗಡಲಿಗೆ ತಿರುಗಿಸಿ, ಅಜೋರಿಸ್ ದ್ವೀಪಗಳ ಮಟ್ಟಕ್ಕೆ ಏರಿದ ಮೇಲೆ ಅಲ್ಲಿ ಬೀಸುವ ಪಶ್ಚಿಮದ ಗಾಳಿಯನ್ನು ಹಿಡಿದು ಲಿಸ್ಬನ್ನಿಗೆ ಬರುವುದು. ಇದನ್ನು ಅವರು ‘ವೋಲ್ಟ ದೊ ಮಾರ್’ ಎಂದು ಕರೆದರು. ಕಡಲ ಸುತ್ತು ಎಂದು ನಾವು ಹೇಳಬಹುದು. ನಿಮ್ಮ ನಕ್ಷೆಯ ಉತ್ತರ ಅಟ್ಲಾಂಟಿಕ್ ಭಾಗದಲ್ಲಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒಂದು ದೊಡ್ಡ ಸುತ್ತನ್ನು ಎಳೆಯಿರಿ. ನನ್ನ ಮಟ್ಟಿಗೆ ಈ ಕಥೆಯ ಅತಿ ದೊಡ್ಡ ಶೋಧನೆ ಈ ಸುತ್ತೇ ಆಗಿದೆ, ಏಕೆಂದರೆ ಮುಂದಿನ ಪ್ರತಿಯೊಂದು ದೂರದ ಯಾನವೂ ತೀರವನ್ನು ಬಿಟ್ಟು ಗಾಳಿಯನ್ನು ನಂಬುವ ಈ ಪಾಠದ ಮೇಲೆ ನಿಂತಿದೆ.

ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಇದೇ ಸುತ್ತು ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿರುತ್ತದೆ. ಆಫ್ರಿಕದ ಕಡೆಯಿಂದ ಬ್ರೆಜಿಲ್ ಕಡೆಗೆ ಆಗ್ನೇಯದ ಗಾಳಿ, ಅದಕ್ಕಿಂತ ಕೆಳಗೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ. ಎರಡು ಸುತ್ತುಗಳ ನಡುವೆ, ಸಮಭಾಜಕದ ಹತ್ತಿರ, ಗಾಳಿಯೇ ಸತ್ತುಹೋಗುವ ಪಟ್ಟಿಯೊಂದಿದೆ. ಅದನ್ನು ಚುಕ್ಕಿಗಳಿಂದ ಗುರುತಿಸಿ. ಹಿಂದೂ ಮಹಾಸಾಗರದ ವಿಷಯವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಗಾಳಿಯೇ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದಿಂದ ಮುಂಗಾರು, ನವೆಂಬರ್ ಕಳೆಯುತ್ತಿದ್ದಂತೆ ಈಶಾನ್ಯದಿಂದ ಹಿಂಗಾರು. ಮುಂಗಾರಿಗೆ ಒಂದು ಬಣ್ಣ, ಹಿಂಗಾರಿಗೆ ಇನ್ನೊಂದು ಬಣ್ಣ ಬಳಸಿ. ಋತು ಎಂಬರ್ಥದ ಅರಬ್ಬಿಯ ‘ಮೌಸಿಮ್’ ಶಬ್ದವೇ ಪೋರ್ಚುಗೀಸರ ಬಾಯಲ್ಲಿ ‘ಮೊಂಸಾವ್’ ಆಗಿ, ಅಲ್ಲಿಂದ ಇಂಗ್ಲಿಷಿನ ಮಾನ್ಸೂನ್ ಆಯಿತೆಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಈ ಕಡಲನ್ನು ಬಲ್ಲವರು ಯಾರು, ಕಲಿತವರು ಯಾರು ಎಂಬುದನ್ನು ಆ ಶಬ್ದವೇ ಹೇಳುತ್ತದೆ.

ಒಂದು ಯಾನವನ್ನು ದಿನಾಂಕ ಸಮೇತ ಎಳೆಯುವುದು

ಈಗ ಗಾಮನ ಮೊದಲ ಯಾನವನ್ನು ತೆಗೆದುಕೊಳ್ಳಿ. ಆ ಹಡಗುಗಳಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿ ಉಳಿದುಬಂದಿರುವುದರಿಂದ ಮುಖ್ಯ ದಿನಾಂಕಗಳು ನಮಗೆ ಗೊತ್ತಿವೆ. 1497ರ ಜುಲೈ 8ರಂದು ಸುಮಾರು 170 ಜನರೊಂದಿಗೆ ಸಾವ್ ಗ್ಯಾಬ್ರಿಯೆಲ್, ಸಾವ್ ರಫೆಯೆಲ್, ಬೆರಿಯು ಎಂಬ ಮೂರು ಹಡಗುಗಳೂ ಸಾಮಾನು ಸಾಗಿಸುವ ಒಂದು ಹಡಗೂ ಲಿಸ್ಬನ್ ಬಿಟ್ಟವು. ಆಗಸ್ಟ್ 3ರಂದು ಕೇಪ್ ವರ್ಡ್‌ನ ಸಾಂತಿಯಾಗೊ ದ್ವೀಪವನ್ನು ಬಿಟ್ಟ ಮೇಲೆ ನವೆಂಬರ್ ಮೊದಲ ವಾರದಲ್ಲಿ ದಕ್ಷಿಣ ಆಫ್ರಿಕದ ಸೇಂಟ್ ಹೆಲಿನಾ ಕೊಲ್ಲಿಯ ನೆಲ ಕಾಣುವವರೆಗೆ ಮೂರು ತಿಂಗಳು ಅವರಿಗೆ ನೆಲವೇ ಕಾಣಲಿಲ್ಲ. ಈ ಎರಡು ಸ್ಥಳಗಳ ನಡುವೆ ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆದರೆ ಆ ಗೆರೆ ನೀವು ಬರೆದ ಗಾಳಿಗೆ ಎದುರಾಗಿ ಹೋಗುವುದು ಕಾಣುತ್ತದೆ. ಅದನ್ನು ಅಳಿಸಿ, ಪಶ್ಚಿಮಕ್ಕೆ ಬಾಗಿ, ತೆಂಕಣಕ್ಕೆ ಇಳಿದು, ಮತ್ತೆ ಪೂರ್ವಕ್ಕೆ ತಿರುಗುವ ಬಿಲ್ಲಿನಾಕಾರದ ಗೆರೆಯನ್ನು ಎಳೆಯಿರಿ. ಮೂರು ವರ್ಷಗಳ ನಂತರ, 1500ರ ಮಾರ್ಚ್ 9ರಂದು 13 ಹಡಗುಗಳೊಂದಿಗೆ ಭಾರತದ ಕಡೆಗೆ ಹೊರಟ ಪೋರ್ಚುಗೀಸ್ ನೌಕಾನಾಯಕ ಕಬ್ರಾಲ್ ಇದೇ ಬಿಲ್ಲನ್ನು ಇನ್ನಷ್ಟು ಪಶ್ಚಿಮಕ್ಕೆ ಎಳೆದಾಗ ಏಪ್ರಿಲ್ 22ರಂದು ಬ್ರೆಜಿಲ್ಲಿನ ತೀರ ಎದುರಾಯಿತು. ನಕ್ಷೆಯ ಮೇಲೆ ಗಾಳಿಯನ್ನು ಬರೆದವರಿಗೆ ಆ ಭೇಟಿ ಅಚ್ಚರಿಯೆನಿಸುವುದಿಲ್ಲ.

ನವೆಂಬರ್ 22ಕ್ಕೆ ಗುಡ್ ಹೋಪ್ ಭೂಶಿರವನ್ನು ದಾಟಿದ ಹಡಗುಗಳು ಮೊಜಾಂಬಿಕ್, ಮೊಂಬಾಸಾಗಳಲ್ಲಿ ಜಗಳ ಮಾಡಿಕೊಂಡು ಏಪ್ರಿಲ್ ಮಧ್ಯದಲ್ಲಿ ಆಫ್ರಿಕದ ಪೂರ್ವ ತೀರದ ಮಾಲಿಂದಿಗೆ ಬಂದವು. ಅಲ್ಲಿ ಅವರಿಗೊಬ್ಬ ದಾರಿಗಾರ ಸಿಕ್ಕಿದನು. ಅವನು ಪ್ರಸಿದ್ಧ ಅರಬ್ ನಾವಿಕ ಇಬ್ನ್ ಮಾಜಿದ್ ಎಂಬ ಮಾತು ಬಹಳ ಪುಸ್ತಕಗಳಲ್ಲಿ ಓಡಾಡುತ್ತಿದೆಯಾದರೂ ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ; ಪೋರ್ಚುಗೀಸ್ ಮೂಲಗಳು ಅವನನ್ನು ಗುಜರಾತಿಯೆಂದೇ ಹೇಳುತ್ತವೆ. ಏಪ್ರಿಲ್ 24ರಂದು ಮಾಲಿಂದಿ ಬಿಟ್ಟು ಮೇ 20ರಂದು ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದರು. ನಾಲ್ಕು ವಾರವೂ ಹಿಡಿಯಲಿಲ್ಲ.

ಇಲ್ಲಿ ಬಣ್ಣ ಬದಲಿಸಿ ಮರುಪಯಣವನ್ನು ಎಳೆಯಿರಿ. ಆಗಸ್ಟ್ 29ರಂದು, ಕಲ್ಲಿಕೋಟೆಯ ಅರಸ ಸಾಮೂದಿರಿಯೊಂದಿಗೆ ಮನಸ್ತಾಪ ಮಾಡಿಕೊಂಡು, ಅವರು ಕಲ್ಲಿಕೋಟೆ ಬಿಟ್ಟರು. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಸರಿಪಡಿಸಿ, ಸಿಹಿನೀರು ತುಂಬಿಕೊಂಡು, ಅಕ್ಟೋಬರ್ 5ಕ್ಕೆ ಆಫ್ರಿಕದ ಕಡೆಗೆ ಹೊರಟರು. ಮುಂಗಾರು ಮುಗಿದಿತ್ತು, ಹಿಂಗಾರಿನ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಹಡಗುಗಳು ನಡುಗಡಲಿನಲ್ಲಿ ಗಾಳಿಯಿಲ್ಲದೆ ಮತ್ತು ಎದುರುಗಾಳಿಗೆ ಸಿಕ್ಕಿ ತೇಲಿದವು. ಆಫ್ರಿಕದ ನೆಲ ಕಂಡದ್ದು ಜನವರಿ ಮೊದಲ ವಾರದಲ್ಲಿ, ಮಾಲಿಂದಿ ಸೇರಿದ್ದು 1499ರ ಜನವರಿ 7ರಂದು. ಹೋಗುವಾಗ ನಾಲ್ಕು ವಾರದೊಳಗೆ ಮುಗಿದ ದಾರಿಗೆ ಬರುವಾಗ ಮೂರು ತಿಂಗಳು ಬೇಕಾಯಿತು. ತಾಜಾ ಹಣ್ಣು, ತರಕಾರಿ ಇಲ್ಲದೆ ಒಸಡು ಕೊಳೆಯುವ ರೋಗಕ್ಕೆ ತುತ್ತಾಗಿ ಆ ಮೂರು ತಿಂಗಳಲ್ಲಿ ಮೂವತ್ತು ಮಂದಿ ಸತ್ತರೆಂದೂ, ಪ್ರತಿ ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದರೆಂದೂ ದಿನಚರಿ ಹೇಳುತ್ತದೆ. ಮೂರು ಹಡಗು ನಡೆಸಲು ಜನ ಸಾಲದೆ ಸಾವ್ ರಫೆಯೆಲ್ ಹಡಗನ್ನು ಅವರೇ ಸುಟ್ಟರು. ಹಿಂಗಾರು ನೆಲೆಗೊಂಡ ಮೇಲೆ ಹೊರಡುವ ಅರಬ್ ಮತ್ತು ಗುಜರಾತಿ ಹಡಗುಗಳು ಇದೇ ಕಡಲನ್ನು ಕೆಲವೇ ವಾರಗಳಲ್ಲಿ ದಾಟುತ್ತಿದ್ದವು. ತರಗತಿಯಲ್ಲಿ ಇದನ್ನು ಕಲಿಸುವವರು ಎರಡೂ ಗೆರೆಗಳ ಮೇಲೆ ದಿನಗಳ ಲೆಕ್ಕವನ್ನು ಮಕ್ಕಳಿಂದಲೇ ಬರೆಸಬೇಕೆಂದು ನನ್ನ ಆಗ್ರಹದ ಸಲಹೆ. ಗಾಳಿ ಎಂದರೇನೆಂಬುದು ಆಗ ಒಮ್ಮೆಗೇ ಅರ್ಥವಾಗುತ್ತದೆ.

ತೆಂಕಣ ಗೋಳದಲ್ಲಿ ಧ್ರುವನಕ್ಷತ್ರ ಕಾಣದಿರುವುದರಿಂದ ನಡುಹಗಲಿನ ಸೂರ್ಯನ ಎತ್ತರವನ್ನು ಆಸ್ಟ್ರೋಲೇಬ್ ಎಂಬ ಲೋಹದ ಬಳೆಯಂಥ ಉಪಕರಣದಿಂದ ಅಳೆದು, ಅಬ್ರಹಾಂ ಜಕೂತೊ ಎಂಬ ಯಹೂದಿ ಖಗೋಳಜ್ಞನ ಕೋಷ್ಟಕಗಳ ನೆರವಿನಿಂದ ಅಕ್ಷಾಂಶವನ್ನು ಲೆಕ್ಕಹಾಕುತ್ತಿದ್ದರು. ರೇಖಾಂಶವನ್ನು ತಿಳಿಯುವ ಖಚಿತ ಉಪಾಯ ಆಗ ಯಾರಲ್ಲಿಯೂ ಇರಲಿಲ್ಲ. ಆದ್ದರಿಂದ ನಡುಗಡಲಿನ ಗೆರೆಯನ್ನು ನೀವು ಎಳೆಯುವಾಗ ತೆಳುವಾಗಿ, ಅಂದಾಜಿನ ಗೆರೆಯೆಂದು ತೋರುವಂತೆ ಎಳೆಯಿರಿ.

ದಿನಾಂಕದಲ್ಲಿಯೂ ‘ಚಳಿಗಾಲ’ದಲ್ಲಿಯೂ ಎಡವದಿರಿ

1582ರ ಅಕ್ಟೋಬರ್‌ಗೆ ಮೊದಲಿನ ಪೋರ್ಚುಗೀಸ್ ದಿನಾಂಕಗಳೆಲ್ಲವೂ ಹಳೆಯ ಜೂಲಿಯನ್ ಪಂಚಾಂಗದವು. ಆ ವರ್ಷ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಿ ಪೋರ್ಚುಗಲ್ ಹೊಸ ಪಂಚಾಂಗಕ್ಕೆ ಬಂದಿತು. ಋತುವಿನ ಲೆಕ್ಕಕ್ಕೆ ಬಳಸುವಾಗ 15ನೆಯ ಶತಮಾನದ ದಿನಾಂಕಗಳಿಗೆ 9 ದಿನಗಳನ್ನೂ, 1500ರ ಮಾರ್ಚ್‌ನಿಂದ 1582ರವರೆಗಿನ ದಿನಾಂಕಗಳಿಗೆ 10 ದಿನಗಳನ್ನೂ ಕೂಡಿಸಿಕೊಳ್ಳಬೇಕು. ಗಾಮ ಲಂಗರು ಹಾಕಿದ ಮೇ 20 ನಮ್ಮ ಲೆಕ್ಕದಲ್ಲಿ ಮೇ 29. ಕೇರಳಕ್ಕೆ ಮುಂಗಾರು ಪ್ರವೇಶಿಸುವ ವಾಡಿಕೆಯ ದಿನ ಜೂನ್ 1 ಎಂಬುದನ್ನು ನೆನೆದರೆ, ಸಾಮೂದಿರಿಯ ಕಡೆಯವರು ಆ ಹಡಗುಗಳನ್ನು ತೆರೆದ ತೀರದಿಂದ ಪಂತಲಾಯಿನಿಯ ಹೆಚ್ಚು ಸುರಕ್ಷಿತವಾದ ನೆಲೆಗೆ ಒಯ್ಯಲು ಹೇಳಿದ್ದರ ಕಾರಣ ತಾನಾಗಿ ತಿಳಿಯುತ್ತದೆ.

ಇನ್ನೊಂದು ತೊಡಕು ಶಬ್ದದ್ದು. ಗೋವೆಯಿಂದ ಬರೆದ ಪೋರ್ಚುಗೀಸ್ ಕಾಗದಗಳಲ್ಲಿ ‘ಚಳಿಗಾಲ’ ಎಂಬ ಅರ್ಥದ ಶಬ್ದ ಬಂದರೆ ಅದು ಡಿಸೆಂಬರ್ ಅಲ್ಲ, ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ. ಬಂದರು ಮುಚ್ಚಿ ಹಡಗುಗಳು ತಂಗುವ ಕಾಲಕ್ಕೆ ಅವರು ತಮ್ಮ ದೇಶದ ಹೆಸರನ್ನೇ ಇಟ್ಟರು. ಅನುವಾದಗಳಲ್ಲಿ ಇದು ಹಾಗೆಯೇ ಉಳಿದು ಓದುಗರನ್ನು ದಾರಿ ತಪ್ಪಿಸುತ್ತದೆ.

ಮುಂದಿನ ನೂರಾರು ವರ್ಷಗಳ ವಾಡಿಕೆಯನ್ನು ಪುಸ್ತಕದ ಒಂದು ಪುಟದಲ್ಲಿ ಹೀಗೆ ಬರೆದಿಟ್ಟುಕೊಳ್ಳಿ: ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟ ಹಡಗುಗಳು ಮುಂಗಾರಿನ ಕೊನೆಯ ಗಾಳಿ ಹಿಡಿದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಗೋವೆ ಮುಟ್ಟುವುದು, ಮೆಣಸು ತುಂಬಿಕೊಂಡು ಡಿಸೆಂಬರ್ ಅಥವಾ ಜನವರಿಯಲ್ಲಿ ಗೋವೆ, ಕೊಚ್ಚಿಗಳನ್ನು ಬಿಡುವುದು, ಮುಂದಿನ ಬೇಸಿಗೆಯಲ್ಲಿ ಲಿಸ್ಬನ್ ಸೇರುವುದು. ಹೊರಡಲು ತಡವಾದರೆ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಕಾಗದ ಪತ್ರಗಳೂ ಈ ಗಾಳಿಯೊಂದಿಗೇ ಓಡಾಡುತ್ತಿದ್ದುದರಿಂದ ರಾಜನ ಆಜ್ಞೆಗಳನ್ನು ಕಟ್ಟಿಟ್ಟ ಸಂಪುಟಗಳಿಗೇ ಮಾನ್ಸೂನ್ ಪುಸ್ತಕಗಳೆಂಬ ಹೆಸರು ಬಂದಿದೆ. ಪಣಜಿಯ ಪತ್ರಾಗಾರದಲ್ಲಿ ಈ ಸಂಪುಟಗಳಿವೆ. ಗೋವೆಯಲ್ಲಿ ಕೇಳಿದ ಒಂದು ಪ್ರಶ್ನೆಗೆ ಲಿಸ್ಬನ್ನಿನ ಉತ್ತರ ಬರಲು ಒಂದೂವರೆ ವರ್ಷಕ್ಕೂ ಮೇಲಾಗುತ್ತಿತ್ತೆಂಬುದನ್ನು ಮರೆತರೆ ಇಲ್ಲಿನ ಅಧಿಕಾರಿಗಳ ನಡವಳಿಕೆ ಅರ್ಥವಾಗದು.

ಪ್ರತಿ ನಿಲುಗಡೆಗೂ ಒಂದು ಸರಕನ್ನು ಬರೆಯಿರಿ

1415ರಲ್ಲಿ ಪೋರ್ಚುಗೀಸರು ಮೊರಾಕೊ ತೀರದ ಸೆಯುಟಾ ಪಟ್ಟಣವನ್ನು ಹಿಡಿದರು. ಅಲ್ಲಿಂದ ಗಾಮನ ಯಾನಕ್ಕೆ 82 ವರ್ಷ. ಇಷ್ಟು ಕಾಲ ಏಕೆ ಹಿಡಿಯಿತೆಂಬುದನ್ನು ತಿಳಿಯಲು ಆಫ್ರಿಕದ ತೀರದ ಪ್ರತಿಯೊಂದು ನಿಲುಗಡೆಯ ಪಕ್ಕದಲ್ಲಿ ವರ್ಷವನ್ನೂ, ಅಲ್ಲಿ ದೊರೆತ ಸರಕನ್ನೂ ಬರೆಯಿರಿ. ಮದೇರಾ ದ್ವೀಪದ ಪಕ್ಕದಲ್ಲಿ ಸಕ್ಕರೆ. 1482ರಲ್ಲಿ ಕೋಟೆ ಕಟ್ಟಿದ, ಇಂದಿನ ಘಾನಾ ತೀರದ ಎಲ್ಮಿನಾದ ಪಕ್ಕದಲ್ಲಿ ಚಿನ್ನ. ನಡುವಿನ ತೀರದ ಪಕ್ಕದಲ್ಲಿ ಮನುಷ್ಯರು ಎಂದು ಬರೆಯಲೇಬೇಕು: 1444ರಲ್ಲಿ ಪೋರ್ಚುಗಲ್ಲಿನ ಲಾಗುಶ್ ಬಂದರಿನಲ್ಲಿ 235 ಆಫ್ರಿಕನ್ ಸೆರೆಯಾಳುಗಳನ್ನು ಇಳಿಸಿ, ತಾಯಿ ಮಕ್ಕಳನ್ನು ಅಗಲಿಸಿ ಹಂಚಿದುದನ್ನು ಆ ಕಾಲದ ಆಸ್ಥಾನದ ಚರಿತ್ರಕಾರನೇ ಬರೆದಿದ್ದಾನೆ. ಈ ಯಾನಗಳಿಗೆ ಬೆಂಬಲವಾಗಿ ನಿಂತಿದ್ದ ಪೋರ್ಚುಗಲ್ಲಿನ ರಾಜಕುಮಾರ ಹೆನ್ರಿಗೆ ಅದರಲ್ಲಿ ಐದನೆಯ ಒಂದು ಪಾಲು ಸಂದಿತು. ಪ್ರತಿ ನಿಲುಗಡೆಯ ಗಳಿಕೆ ಮುಂದಿನ ಯಾನದ ವೆಚ್ಚವನ್ನು ತುಂಬಿತು. ಮುಂದಿನ ಗಳಿಕೆ ಸಿಗುವವರೆಗೆ ಮುಂದಿನ ಹೆಜ್ಜೆ ತಡೆಯಿತು. 1488ರಲ್ಲಿ ಬಾರ್ತಲೋಮಿಯು ಡಯಾಸ್ ಆಫ್ರಿಕದ ತುದಿಯನ್ನು ಸುತ್ತಿದನು. ಅದೇ ಹೊತ್ತಿನಲ್ಲಿ, 1487ರಲ್ಲಿ ಪೋರ್ಚುಗಲ್ಲಿನ ರಾಜನು ನೆಲದ ದಾರಿಯಿಂದ ಕಳುಹಿಸಿದ ಪೇರು ಡ ಕೊವಿಲ್ಯಾ ಅರಬ್ ವ್ಯಾಪಾರಿಗಳ ಹಡಗಿನಲ್ಲಿ ಕಣ್ಣೂರು, ಕಲ್ಲಿಕೋಟೆ, ಗೋವೆಗಳನ್ನು ನೋಡಿಹೋದನು. ಈ ಎರಡು ಗೆರೆಗಳನ್ನು ಬೇರೆ ಬೇರೆ ಎಳೆದು ನೋಡಿ.

ಮೆಣಸಿನ ಲೆಕ್ಕವನ್ನು ಮಾಡುವಾಗ

ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಕೊಚ್ಚಿಯಲ್ಲಿ ಒಂದು ಕ್ವಿಂಟಾಲ್ ಮೆಣಸಿಗೆ ಸುಮಾರು 3 ಕ್ರುಜಾಡೊ ಚಿನ್ನದ ನಾಣ್ಯ, ಲಿಸ್ಬನ್ನಿನಲ್ಲಿ 20ಕ್ಕೂ ಮೇಲೆ. ಇದನ್ನು ಕಂಡು ಏಳು ಪಟ್ಟು ಲಾಭವೆಂದು ಬರೆದವರು ಬಹಳ ಮಂದಿ. ಹಾಗೆ ಬರೆಯುವ ಮೊದಲು ಕಳೆಯಬೇಕಾದ ಬಾಬತ್ತುಗಳನ್ನು ಒಂದರ ಕೆಳಗೊಂದು ಬರೆಯಿರಿ: ಹಡಗು ಕಟ್ಟಿದ ವೆಚ್ಚ, ಹೋದ ಹಡಗುಗಳಲ್ಲಿ ಮುಳುಗಿದವುಗಳ ನಷ್ಟ, ದಾರಿಯಲ್ಲಿ ಒಣಗಿ ಕುಗ್ಗಿದ ತೂಕ, ನಾವಿಕರ ಸಂಬಳ ಹಾಗೂ ಅವರು ತಮ್ಮ ಪೆಟ್ಟಿಗೆಯಲ್ಲಿ ತರಲು ಹಕ್ಕಿದ್ದ ಸರಕು, ಒಂದೂವರೆ ವರ್ಷ ಸಿಕ್ಕಿಬಿದ್ದ ಬಂಡವಾಳದ ಬಡ್ಡಿ, ಎಲ್ಲಕ್ಕಿಂತ ಮಿಗಿಲಾಗಿ ಕೋಟೆಗಳ ಮತ್ತು ಯುದ್ಧನೌಕೆಗಳ ಖರ್ಚು. ಈ ಕೊನೆಯ ಬಾಬತ್ತು ವರ್ಷದಿಂದ ವರ್ಷಕ್ಕೆ ಬೆಳೆಯಿತು.

ತೂಕದ ವಿಷಯದಲ್ಲಿಯೂ ಎಚ್ಚರ ಬೇಕು. ಇಂದಿನ 100 ಕಿಲೋ ಕ್ವಿಂಟಾಲ್ ಅದಲ್ಲ. ಪೋರ್ಚುಗೀಸರ ಹಳೆಯ ತೂಕದ ಕ್ವಿಂಟಾಲ್ ಸುಮಾರು 51 ಕಿಲೋ, ಹೊಸ ತೂಕದ್ದು ಸುಮಾರು 59 ಕಿಲೋ. ಮಲಬಾರಿನ ‘ಬಹಾರ್’ ತೂಕ ಬಂದರಿನಿಂದ ಬಂದರಿಗೆ ಬದಲಾಗುತ್ತಿತ್ತು. ಆದ್ದರಿಂದ ಯಾವ ಊರಿನ, ಯಾವ ತೂಕ ಎಂಬುದನ್ನು ಬರೆಯದೆ ಅಂಕಿಯನ್ನು ನಕಲು ಮಾಡಬೇಡಿ.

ಮೆಣಸಿನ ಗೆರೆಯನ್ನು ಲಿಸ್ಬನ್ನಿಗೇ ನಿಲ್ಲಿಸಬಾರದು. ರಾಜನ ಮಾರಾಟ ಕೋಠಿ 1508ರಲ್ಲಿ ಆಂಟ್ವರ್ಪ್‌ನಲ್ಲಿ ಸ್ಥಾಪನೆಯಾಯಿತು. ಉತ್ತರ ಯುರೋಪಿಗೆ ಮೆಣಸು ಹರಡಿದ್ದು ಅಲ್ಲಿಂದ, ಮತ್ತು ಅದಕ್ಕೆ ಬದಲಾಗಿ ದಕ್ಷಿಣ ಜರ್ಮನಿಯ ಫುಗ್ಗರ್‌ರಂಥ ವರ್ತಕರ ತಾಮ್ರ ಮತ್ತು ಬೆಳ್ಳಿ ಲಿಸ್ಬನ್ನಿಗೆ ಬಂದದ್ದೂ ಅಲ್ಲಿಂದಲೇ. ಆ ತಾಮ್ರವೇ ಕೊಚ್ಚಿಗೆ ಬಂದು ಮೆಣಸಿನ ಬೆಲೆಯಾಗಿ ಸಲ್ಲುತ್ತಿತ್ತು. ಮಲಬಾರಿನವರಿಗೆ ಯುರೋಪಿನ ಟೋಪಿ, ಮಣಿ, ಬಟ್ಟೆಗಳು ಬೇಕಿರಲಿಲ್ಲ; ಗಾಮನು ತಂದ ಕಾಣಿಕೆಗಳನ್ನು ಕಂಡು ಕಲ್ಲಿಕೋಟೆಯ ಅರಮನೆಯವರು ನಕ್ಕರೆಂದು ಆ ದಿನಚರಿಯೇ ದಾಖಲಿಸಿದೆ. ಜರ್ಮನಿಯ ಗಣಿಯಿಂದ ಕೊಚ್ಚಿಯ ಗೋದಾಮಿನವರೆಗಿನ ತಾಮ್ರದ ಗೆರೆಯನ್ನು ಮೆಣಸಿನ ಗೆರೆಯ ಎದುರು ದಿಕ್ಕಿನಲ್ಲಿ ಎಳೆದ ಮೇಲೆಯೇ ಈ ವ್ಯಾಪಾರದ ಚಿತ್ರ ಪೂರ್ತಿಯಾಗುತ್ತದೆ.

ಕೋಟೆಯ ಚುಕ್ಕೆಗಳೂ ರಹದಾರಿಯೂ

ಗಾಳಿ ಎಲ್ಲರದಾಗಿತ್ತು, ಸರಕನ್ನು ಕೊಳ್ಳುವ ಹಕ್ಕೂ ಎಲ್ಲರದಾಗಿತ್ತು. ಪೋರ್ಚುಗೀಸರು ಈ ಕಡಲಿಗೆ ಹೊಸದಾಗಿ ತಂದದ್ದು ಹಡಗಿನ ಮೇಲಿನ ಫಿರಂಗಿ ಮತ್ತು ಕಡಲು ತಮ್ಮದೆಂಬ ಹೇಳಿಕೆ. 1502ರ ತನ್ನ ಎರಡನೆಯ ಯಾನದಲ್ಲಿ ಗಾಮನು ಮೆಕ್ಕಾದಿಂದ ಹಿಂದಿರುಗುತ್ತಿದ್ದ ಯಾತ್ರಿಕರ ಹಡಗನ್ನು, ಒಳಗೆ ಹೆಂಗಸರು ಮಕ್ಕಳಿದ್ದಂತೆಯೇ ಸುಟ್ಟನು. ಇದನ್ನು ನಕ್ಷೆಯಲ್ಲಿ ಗುರುತಿಸದೆ ಬಿಟ್ಟರೆ ನಂತರ ಬಂದ ‘ಕಾರ್ತಾಜ್’ ಎಂಬ ರಹದಾರಿಗೆ ವರ್ತಕರು ಏಕೆ ತಲೆಬಾಗಿದರೆಂಬುದು ತಿಳಿಯುವುದಿಲ್ಲ. ಹಡಗಿನ ಒಡೆಯ, ಸರಕು, ಹೋಗುವ ಊರು ಇವುಗಳನ್ನು ನಮೂದಿಸಿದ ಆ ಚೀಟಿಯನ್ನು ಹಣ ಕೊಟ್ಟು ಪಡೆದು, ಪೋರ್ಚುಗೀಸರ ಬಂದರಿನಲ್ಲಿ ಸುಂಕ ಕಟ್ಟಿ ಮುಂದೆ ಹೋಗಬೇಕಿತ್ತು. ಚೀಟಿಯಿಲ್ಲದ ಹಡಗನ್ನು ಹಿಡಿದು ಮುಟ್ಟುಗೋಲು ಹಾಕಿಕೊಳ್ಳುತ್ತಿದ್ದರು.

1509ರಲ್ಲಿ ದೀವ್ ಎದುರಿನ ಕಡಲ ಯುದ್ಧ, 1510ರಲ್ಲಿ ಗೋವೆ, 1511ರಲ್ಲಿ ಮಲಾಕ್ಕಾ, 1515ರಲ್ಲಿ ಹೊರ್ಮುಜ್ ಎಂದು ಚುಕ್ಕೆಗಳನ್ನಿಡಿ. ಹೊರ್ಮುಜ್ ಮತ್ತು ಮಲಾಕ್ಕಾ ಎರಡೂ ಇಕ್ಕಟ್ಟಾದ ಜಲಸಂಧಿಗಳ ಬಾಗಿಲಲ್ಲಿರುವುದನ್ನು ಗಮನಿಸಿ. ಮೂರನೆಯ ಬಾಗಿಲಾದ ಕೆಂಪುಸಮುದ್ರದ ಏಡನ್ ಪಟ್ಟಣವನ್ನು 1513ರಲ್ಲಿ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಮುತ್ತಿದರೂ ಹಿಡಿಯಲಾಗಲಿಲ್ಲ. ಅಲ್ಲಿ ಖಾಲಿ ವೃತ್ತವೊಂದನ್ನು ಬರೆಯಿರಿ. ಹದಿನಾರನೆಯ ಶತಮಾನದ ನಡುವಿಗೆ ಮೆಣಸು ಮತ್ತೆ ಹೇರಳವಾಗಿ ಈಜಿಪ್ಟಿನ ಹಳೆಯ ದಾರಿಯಲ್ಲಿ ವೆನಿಸ್ ಸೇರತೊಡಗಿದ್ದು ಆ ಖಾಲಿ ವೃತ್ತದ ಮೂಲಕವೇ.

ನಮ್ಮ ಕರಾವಳಿಯನ್ನು ಗುರುತಿಸುವುದು

ಈಗ ಕಾರವಾರದಿಂದ ಉಳ್ಳಾಲದವರೆಗಿನ ತೀರವನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಮೊದಲ ಕೆಲಸ ಹೆಸರುಗಳದ್ದು. ಪೋರ್ಚುಗೀಸ್ ಬರಹಗಳ ಓನೋರ್ ನಮ್ಮ ಹೊನ್ನಾವರ, ಬಾಟಿಕಲಾ ಭಟ್ಕಳ, ಬಾರ್ಸೆಲೋರ್ ಬಸ್ರೂರು, ಕಾಂಬೋಲಿಂ ಗಂಗೊಳ್ಳಿ, ಗಾರ್ಸೋಪಾ ಗೇರುಸೊಪ್ಪೆ. ಬಿಸ್ನಗಾ ಎಂದರೆ ವಿಜಯನಗರ, ಆ ರಾಜ್ಯಕ್ಕೆ ನರ್ಸಿಂಗಾ ಎಂಬ ಹೆಸರೂ ಇದೆ. ಕನ್ನಡ ಓದುಗರು ಬೀಳುವ ಗುಂಡಿಯೊಂದು ಇಲ್ಲಿದೆ. ‘ಕನಾರಿಂ’ ಎಂಬ ಶಬ್ದ ಕಂಡೊಡನೆ ಕನ್ನಡ ಅಥವಾ ಕನ್ನಡಿಗರೆಂದು ತಿಳಿಯಬಾರದು. ಗೋವೆಯ ಜನರನ್ನೂ ಅವರ ಭಾಷೆಯನ್ನೂ ಪೋರ್ಚುಗೀಸರು ಹಾಗೆ ಕರೆಯುತ್ತಿದ್ದರು. 1640ರಲ್ಲಿ ಗೋವೆಯ ರಾಚೋಲ್‌ನಲ್ಲಿ ಅಚ್ಚಾದ ‘ಕನಾರಿಂ’ ಭಾಷೆಯ ವ್ಯಾಕರಣ ಕೊಂಕಣಿಯ ವ್ಯಾಕರಣ.

ನಂತರ ಮೂರು ಸರಕುಗಳಿಗೆ ಮೂರು ಬಣ್ಣದ ಗೆರೆಗಳು. ಕುದುರೆಯ ಗೆರೆ ಅರಬಸ್ತಾನ ಮತ್ತು ಪರ್ಶಿಯಾಗಳಿಂದ ಹೊರ್ಮುಜ್ ಮೂಲಕ ಗೋವೆ ಮತ್ತು ಭಟ್ಕಳಗಳಿಗೆ ಬಂದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತದೆ. ರಾಯರು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವ್ ನೂನಿಸ್ ಬರೆದಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಿ ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಸಂದಾಯವಾಗುತ್ತಿತ್ತೆಂಬ ಮಾತೂ ಅವನದೇ. ಹೊರ್ಮುಜ್ ಮತ್ತು ಗೋವೆ ಎರಡನ್ನೂ ಹಿಡಿದವನ ಕೈಯಲ್ಲಿ ಘಟ್ಟದ ಮೇಲಿನ ರಾಜ್ಯಗಳ ಅಶ್ವದಳವಿತ್ತು. 1547ರ ಒಪ್ಪಂದದಲ್ಲಿ ಗೋವೆಗೆ ಬಂದ ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಸಲ್ಲಬೇಕೆಂಬ ಕರಾರು ಬಂದದ್ದು ಈ ಕಾರಣಕ್ಕೆ. 1565ರ ರಕ್ಕಸತಂಗಡಿ ಯುದ್ಧದ ನಂತರ ಈ ಗೆರೆಯನ್ನು ತೆಳುವಾಗಿ ಎಳೆಯಿರಿ.

ಗೋವೆಯನ್ನು ಹಿಡಿದ ಕಥೆಯಲ್ಲಿ ಹೊನ್ನಾವರದ ತಿಮ್ಮೋಜನ ಪಾಲು ದೊಡ್ಡದು. ಕೆಂಪುಸಮುದ್ರದ ಕಡೆಗೆ ಹೊರಟಿದ್ದ ಅಲ್ಬುಕರ್ಕ್‌ಗೆ ಗೋವೆಯ ಮೇಲೆ ಬೀಳಲು ಹೇಳಿ, ತನ್ನ ದೋಣಿಪಡೆಯೊಂದಿಗೆ ನೆರವಾದವನು ಅವನು. 1510ರ ವಸಂತದಲ್ಲಿ ಹಿಡಿದ ಪಟ್ಟಣವನ್ನು ಆದಿಲ್‌ಶಾಹಿ ಸೇನೆ ಮೇ ತಿಂಗಳಲ್ಲಿ ಮರಳಿ ಪಡೆದಾಗ ಅಲ್ಬುಕರ್ಕ್‌ನ ಹಡಗುಗಳು ಮಾಂಡೋವಿ ನದಿಯಿಂದ ಹೊರಗೆ ಹೋಗಲಾರದೆ, ಮಳೆಗಾಲದ ಕಡಲು ಅಳಿವೆಯನ್ನು ಮುಚ್ಚಿದ್ದರಿಂದ, ಆಗಸ್ಟ್‌ವರೆಗೆ ಹಸಿವಿನಲ್ಲಿ ಅಲ್ಲಿಯೇ ಸಿಕ್ಕಿಬಿದ್ದವು. ನವೆಂಬರ್ 25ರಂದು, ಕಡಲು ತಣಿದ ಮೇಲೆ, ಮತ್ತೆ ಬಂದು ಹಿಡಿದರು. ಮೊದಲ ಹಾಳೆಯಲ್ಲಿ ಬರೆದ ಗಾಳಿಯ ಬಣ್ಣಗಳನ್ನು ಪಕ್ಕದಲ್ಲಿಟ್ಟುಕೊಂಡು ಈ ವರ್ಷವನ್ನು ತಿಂಗಳು ತಿಂಗಳಾಗಿ ಓದಿ.

ಎರಡನೆಯ ಗೆರೆ ಘಟ್ಟದ ಮೆಣಸಿನದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಆ ಸೀಮೆ ಕೆಳದಿಯ ನಾಯಕರ ಕೈಗೆ ಬಂದ ಮೇಲೆ ಮೆಣಸಿನ ಮಾತುಕತೆಗಾಗಿ 1623ರಲ್ಲಿ ಗೋವೆಯ ರಾಯಭಾರಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಮುಂದೆ ನಿಂತನು. ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲ ವಾಲೆ ಅದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಳೆಯ ಕನ್ನಡ ಬರಹಗಳಲ್ಲಿ ಮೆಣಸು ಎಂದರೆ ಕಾಳುಮೆಣಸು ಮಾತ್ರವೆಂಬುದನ್ನೂ ನೆನಪಿಡಬೇಕು. ಹಸಿಮೆಣಸಿನಕಾಯಿ ಅಮೆರಿಕದಿಂದ ಇದೇ ಪೋರ್ಚುಗೀಸರ ಹಡಗುಗಳೊಂದಿಗೆ ಬಂದದ್ದು.

ಮೂರನೆಯ ಗೆರೆ ಅಕ್ಕಿಯದು. ಪುಸ್ತಕಗಳು ಇದನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಹೋಗುತ್ತವೆ. ನೀವು ದಪ್ಪವಾಗಿ ಎಳೆಯಿರಿ. ಗೋವೆ ತನ್ನ ಹೊಟ್ಟೆಗೆ ಬೇಕಾದಷ್ಟು ಬೆಳೆಯುತ್ತಿರಲಿಲ್ಲ. ಬಸ್ರೂರು, ಮಂಗಳೂರು, ಹೊನ್ನಾವರಗಳ ಅಕ್ಕಿಯನ್ನು ಹೊತ್ತ ದೋಣಿಗಳು ಯುದ್ಧನೌಕೆಗಳ ಕಾವಲಿನಲ್ಲಿ ಗುಂಪುಗುಂಪಾಗಿ ಬಡಗಣಕ್ಕೆ ಹೋಗುತ್ತಿದ್ದವು. ಆ ಗುಂಪಿಗೆ ‘ಕಾಫಿಲಾ’ ಎಂದು ಹೆಸರು. ಮಂಗಳೂರಿನಲ್ಲಿ 1568ರಲ್ಲಿ, ಹೊನ್ನಾವರ ಮತ್ತು ಬಸ್ರೂರುಗಳಲ್ಲಿ 1569ರಲ್ಲಿ ಕೋಟೆ ಹಿಡಿದು ನಿಂತದ್ದರಲ್ಲಿ ಮೆಣಸಿನಷ್ಟೇ ಈ ಅಕ್ಕಿಯ ಚಿಂತೆಯೂ ಇತ್ತು. ಉಳ್ಳಾಲದ ರಾಣಿ ಅಬ್ಬಕ್ಕನೊಡನೆ ನಡೆದ ಕದನಗಳನ್ನು ಈ ಗೆರೆಯ ತೆಂಕಣ ತುದಿಯಲ್ಲಿ ಗುರುತಿಸಿ.

ಕೆಳದಿಯ ಶಿವಪ್ಪ ನಾಯಕನು 1652ರಿಂದ 1654ರೊಳಗೆ ಈ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡನು. ಹಾಳೆಯ ಮೇಲಿನ ಆ ಚುಕ್ಕೆಗಳನ್ನು ಈಗ ಅಳಿಸಬಹುದು. ಅಕ್ಕಿಯ ಗೆರೆಯನ್ನು ಮಾತ್ರ ಅಳಿಸಬೇಡಿ. ಕೋಟೆ ಹೋದ ಮೇಲೂ ಗೋವೆಗೆ ಅನ್ನ ಬೇಕಿತ್ತು. 1670ರ ದಶಕದಲ್ಲಿ ಪೋರ್ಚುಗೀಸರು ಕೆಳದಿಯೊಂದಿಗೆ ಒಪ್ಪಂದಕ್ಕೆ ಬಂದು, ಫಿರಂಗಿಯಿಲ್ಲದ ವ್ಯಾಪಾರ ಕೋಠಿಗಳಿಗಾಗಿ ಅನುಮತಿ ಪಡೆದು, ಅದೇ ಬಂದರುಗಳಿಂದ ಅದೇ ಅಕ್ಕಿಯನ್ನು ಕೊಂಡು ಒಯ್ದರು.